ಐಸ್‌ಕ್ಯಾಂಡಿ ಕಡ್ಡಿಯಷ್ಟು ಸಂದು

ಪತ್ರಿಕೆಯಲ್ಲಿ ಬಂದದ್ದು ನಾಲ್ಕೇ ಸಾಲು. ಕಾಪುವಿನಲ್ಲಿ ಮನೆಯ ಶೆಡ್ಡಿನೊಳಗೆ ಹಳೆಯ ಕಾರು ದುರಸ್ತಿ ಮಾಡುತ್ತಿದ್ದ ವೃದ್ಧರೊಬ್ಬರು ಜಾಕ್ ಜಾರಿ ಕಾರಿನಡಿ ಸಿಲುಕಿದರು, ಚಿಕಿತ್ಸೆ ಫಲಿಸದೆ ಮೃತಪಟ್ಟರು ಎಂದು. ಜಾಕ್ ಜಾರಲಿಲ್ಲ. ಅದು ಕೊನೆಯವರೆಗೂ ನಿಂತೇ ಇತ್ತು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನಾನು ಅದೇ ಕಾರಿನ ಡ್ರೈವರ್ ಸೀಟಿನಲ್ಲಿ ಕುಳಿತಿದ್ದೆ. ‘ವೃದ್ಧ’ ಎಂಬ ಮಾತನ್ನೂ ಅವರು ಒಪ್ಪುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಬಿಟ್ಟುಕೊಟ್ಟರೆ, “ಯಾಕೆ, ನಿಮಗೆ ಕಾಲು ನೋವಾ?” ಎಂದು ಕೇಳುವ ಜಾತಿ.

ಈ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ಅಕ್ಕಪಕ್ಕದವರು ಪೊರ್ಬುಗಳು ಎನ್ನುತ್ತಾರೆ, ಅವರ ಮನೆಯ ಹೆಂಗಸನ್ನು ಬಾಯಮ್ಮ ಎನ್ನುತ್ತಾರೆ. ನಾನು ಹಾವೇರಿ ಕಡೆಯವಳು. ಮಣಿಪಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿ ಬಂದು, ಕಾಪುವಿನಲ್ಲಿ ಈ ಪೊರ್ಬುಗಳು, ಬಾಯಮ್ಮ ದಂಪತಿಯ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದೆ. ತುಳು ನನಗೆ ಕೊನೆಗೂ ಬರಲಿಲ್ಲ. ಹಾಗಾಗಿ ಇವರಿಬ್ಬರೂ ನನ್ನೊಂದಿಗೆ ಕನ್ನಡವನ್ನೇ ಆಡುತ್ತಿದ್ದರು. ಮೊದಲ ದಿನವೇ ಅವರು ನನ್ನನ್ನು “ಟೀಚರೇ” ಎಂದರು.

“ನಾನು ಟೀಚರ್ ಅಲ್ಲ ಪೊರ್ಬುಗಳೇ, ಲೈಬ್ರರಿಯಲ್ಲಿ ಇರುವುದು.”

“ಲೈಬ್ರರಿಯಲ್ಲಿ ಮಕ್ಕಳಿಗೆ ಮಾತಾಡಬೇಡಿ ಅಂತ ಹೇಳ್ತೀರಲ್ಲ?”

“ಹೇಳ್ತೇನೆ.”

“ಮತ್ತೆಂತ! ಟೀಚರೇ.”

ಅಲ್ಲಿಗೆ ಆ ವಿಷಯ ಮುಗಿಯಿತು. ಅವರು ಒಮ್ಮೆ ಒಂದು ತೀರ್ಮಾನಕ್ಕೆ ಬಂದರೆ ಅದನ್ನು ಕದಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಎತ್ತರದ ಆಳು, ಸ್ವಲ್ಪ ಮುಂದಕ್ಕೆ ಬಾಗಿದ ಕತ್ತು. ಮನೆಯಲ್ಲಿ ಬಿಳಿ ಬನಿಯನ್, ನೀಲಿ ಲುಂಗಿ, ತಲೆಗೆ ಕೊಲ್ಲಿ ದೇಶದಿಂದ ತಂದ ಒಂದು ಬಟ್ಟೆಯ ಟೊಪ್ಪಿ. ಅಲ್ಲಿ ಅವರು ಯಾವುದೋ ವಿಮಾನ ನಿಲ್ದಾಣದ ಅಡುಗೆ ವಿಭಾಗದಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದರು. ಕಾರಿನ ಕೆಲಸಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಚರ್ಚಿನ ಗಾಯಕವೃಂದದಲ್ಲಿ ಕೆಳಗಿನ ಸ್ವರ ಅವರದು. ಮಾತು ನಿಂತಲ್ಲೆಲ್ಲ ಗುನುಗುವ ಅಭ್ಯಾಸವಿತ್ತು. ಗೋಡೆಯಾಚೆ ಗುನುಗು ಕೇಳಿದರೆ ಪೊರ್ಬುಗಳು ಶೆಡ್ಡಿನಲ್ಲಿದ್ದಾರೆ ಎಂದು ತಿಳಿಯುತ್ತಿತ್ತು.

ಶೆಡ್ಡಿನಲ್ಲಿ ಕಾರಿತ್ತು. ಗುಂಡು ದೀಪಗಳ, ಉಬ್ಬಿದ ಕೆನ್ನೆಯ, ಹಾಲುಬಿಳಿ ಬಣ್ಣದ ಹಳೆಯ ಕಾರು. ಅದು ಮೊದಲು ಕಾರ್ಕಳದ ಒಬ್ಬ ಡಾಕ್ಟರರದ್ದಾಗಿತ್ತಂತೆ. ಪೊರ್ಬುಗಳು ಚಿಕ್ಕವರಿದ್ದಾಗ ಅವರ ಊರಿಗೆ ಆ ಡಾಕ್ಟರು ಬಂದರೆ ಮೊದಲು ಕೇಳುತ್ತಿದ್ದದ್ದು ಕಾರಿನ ಬಾಗಿಲು ಮುಚ್ಚುವ ಸದ್ದು. “ಧಡ್ ಅಲ್ಲ ಟೀಚರೇ. ‘ಥಪ್’. ಹುಲ್ಲು ಸುತ್ತಿದ ಅಕ್ಕಿ ಮುಡಿ ನೆಲಕ್ಕೆ ಇಟ್ಟ ಹಾಗೆ. ಆ ಸದ್ದು ಕೇಳಿದರೆ ಸಾಕು, ನನ್ನ ಅಮ್ಮನಿಗೆ ಅರ್ಧ ಜ್ವರ ಬಿಡುತ್ತಿತ್ತು.” ಡಾಕ್ಟರು ತೀರಿಕೊಂಡ ಮೇಲೆ ಆ ಕಾರು ಹಲಸಿನ ಮರದಡಿ ವರ್ಷಗಟ್ಟಲೆ ಬಿದ್ದಿತ್ತು. ಊರಿಗೆ ಮರಳಿದ ಪೊರ್ಬುಗಳು ಅದನ್ನು ಹುಡುಕಿಕೊಂಡು ಹೋಗಿ, ಲಾರಿಯಲ್ಲಿ ಹೇರಿಸಿ ತಂದರು. ಎಂಜಿನ್ ಓಡಿತು. ಸೀಟು ಹೊಲಿಸಿದ್ದಾಯಿತು. ಆದರೆ ಬಾಗಿಲು ಮಾತ್ರ ‘ಥಪ್’ ಎನ್ನಲಿಲ್ಲ.

ಕಾರಿನ ಮೈಯೆಂದರೆ ಒಂದೇ ತಗಡಲ್ಲ. ಬಾನೆಟ್, ಬಾಗಿಲು, ಡಿಕ್ಕಿ ಎಲ್ಲವೂ ಬೇರೆ ಬೇರೆ ತುಂಡುಗಳು, ನಡುವೆ ಸಣ್ಣ ಸಂದು. ಆ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಇವರ ಕಾರಿನ ಎಡಬಾಗಿಲಿನ ಸಂದು ಮೇಲೆ ಬೆರಳು ತೂರುವಷ್ಟು, ಕೆಳಗೆ ಕಾಗದವೂ ಹೋಗದಷ್ಟು. ಅದನ್ನು ಸರಿಮಾಡುವುದು ಅವರ ಬಾಳಿನ ಉಳಿದ ಕೆಲಸವಾಯಿತು. ಅಳತೆಗೆ ಅವರು ಬಳಸುತ್ತಿದ್ದದ್ದು ಐಸ್‌ಕ್ಯಾಂಡಿಯ ಕಡ್ಡಿ. ಒಂದು ಕಡ್ಡಿ ಸುತ್ತಲೂ ಸಲೀಸಾಗಿ ಓಡಬೇಕು, ಅಲ್ಲಾಡಬಾರದು, ಸಿಕ್ಕಿಕೊಳ್ಳಲೂಬಾರದು. ಕಡ್ಡಿಗಾಗಿ ಐಸ್‌ಕ್ಯಾಂಡಿ ತಿಂದು ಅವರಿಗೆ ಗಂಟಲು ಕಟ್ಟುತ್ತಿತ್ತು, ಭಾನುವಾರ ಚರ್ಚಿನಲ್ಲಿ ಬೈಗುಳ ತಿನ್ನುತ್ತಿದ್ದರು.

ಬಾಯಮ್ಮ ಗಿಡ್ಡ, ಚುರುಕು ಮಾತಿನ ಹೆಂಗಸು. “ನನ್ನ ಅಡುಗೆಮನೆಯ ಬಾಗಿಲು ಮದುವೆಯಾಗಿ ಬಂದಾಗಿನಿಂದ ಮುಚ್ಚುವುದಿಲ್ಲ. ನಾಯಿ ಬರ್ತದೆ, ಬೆಕ್ಕು ಬರ್ತದೆ, ಇವರ ಅಕ್ಕ ಬರ್ತಾರೆ. ಅದಕ್ಕೆ ಯಾರ ಕಡ್ಡಿಯೂ ಇಲ್ಲ!” ಎಂದು ನನಗೆ ಹೇಳುತ್ತಿದ್ದರು, ಅವರಿಗೆ ಕೇಳುವಷ್ಟು ಗಟ್ಟಿಯಾಗಿ. ಶೆಡ್ಡಿನಿಂದ ಉತ್ತರ ಬರುತ್ತಿತ್ತು: “ಆ ಬಾಗಿಲು ಮುಚ್ಚಿದರೆ ನಿನ್ನ ಮಾತು ಹೊರಗೆ ಹೋಗುವುದು ಹೇಗೆ?”

ಕಡ್ಡಿ ಸದಾ ಅಂಗಿಯ ಜೇಬಿನಲ್ಲಿರುತ್ತಿತ್ತು. ಒಮ್ಮೆ ಯಾವುದೋ ಪುಸ್ತಕ ನೋಡಲು ನಮ್ಮ ಗ್ರಂಥಾಲಯಕ್ಕೆ ಬಂದವರು ಪುಸ್ತಕ ಬಿಟ್ಟು ಬೀರುಗಳ ಬಾಗಿಲಿಗೆಲ್ಲ ಕಡ್ಡಿ ತೂರಿಸಿ ನೋಡಿ, “ಸರ್ಕಾರದ್ದಾ?” ಎಂದು ಕೇಳಿದರು. ಹೊರಗೆ ನಿಲ್ಲಿಸಿದ್ದ ವಿದ್ಯಾರ್ಥಿಯೊಬ್ಬನ ಹೊಸ ಕಾರಿನ ಸುತ್ತ ಬೆರಳಾಡಿಸುತ್ತ ಹೊರಟಾಗ ಆ ಹುಡುಗ ಓಡಿಬಂದ. “ಅಂಕಲ್, ಎಂತ ಮಾಡ್ತಿದ್ದೀರಿ?”

“ಚಂದ ಉಂಟು ನಿಮ್ಮ ಕಾರು. ಬಾನೆಟ್ ಸ್ವಲ್ಪ ಎಡಕ್ಕೆ ಹೋಗಿದೆ ಅಲ್ವಾ? ಎಲ್ಲಿಗೆ ಗುದ್ದಿದ್ದು?”

ಹುಡುಗನ ಮುಖ ಸಣ್ಣದಾಯಿತು. “ಅಪ್ಪನಿಗೆ ಗೊತ್ತಿಲ್ಲ ಅಂಕಲ್.”

“ನನಗೂ ಗೊತ್ತಿಲ್ಲ,” ಎಂದು ಇವರು ಕಡ್ಡಿಯನ್ನು ಜೇಬಿಗೆ ಹಾಕಿಕೊಂಡರು. ಬಸ್ಸಿನಲ್ಲಿ ವಾಪಸಾಗುವಾಗ ಉಡುಪಿ ದಾಟುವವರೆಗೂ ನಗುತ್ತಿದ್ದರು.

ಇವೆಲ್ಲ ನೆನಪಾದಾಗ ನಗು ಬರುತ್ತದೆ. ಅರ್ಧ ನಕ್ಕಾಗ ಆ ಕಲ್ಲಿನ ಸದ್ದು ಕೇಳುತ್ತದೆ. ಅಲ್ಲಿಗೆ ನಿಲ್ಲುತ್ತೇನೆ.

ಕಲ್ಲಿನ ವಿಷಯ ಹೇಳಬೇಕು. ಎಡಬದಿಯಲ್ಲಿ ಬಾಗಿಲ ಕೆಳಗಿನ ತಗಡಿನ ಪೆಟ್ಟಿಗೆಯಂಥ ಭಾಗವನ್ನು ಕಡಲ ಗಾಳಿ ತಿಂದುಹಾಕಿತ್ತು. ಕಾರಿನ ಬೆನ್ನೆಲುಬು ಅದೇ. ಅದು ಸೋತದ್ದರಿಂದಲೇ ಕಾರಿನ ನಡು ಬಗ್ಗಿ ಬಾಗಿಲು ಕೂತುಹೋಗಿತ್ತು. ಪೊರ್ಬುಗಳು ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ತೆಗೆದಿದ್ದರು. ಹೊಸ ತಗಡು ಬೆಸೆಯಲು ವೆಲ್ಡರ್ ಸೋಮವಾರ ಬರುವವನಿದ್ದ. ಬೆಸೆದ ಮೇಲೆ ಸಂದು ಹೇಗಿದೆಯೋ ಹಾಗೆಯೇ ನಿಂತುಬಿಡುತ್ತದೆ. ಹಾಗಾಗಿ ಅದಕ್ಕೂ ಮೊದಲು ಕಾರಿನ ನಡುವನ್ನು ಅಡಿಯಿಂದ ಜಾಕಿನಲ್ಲಿ ಎತ್ತಿ, ಕಡ್ಡಿ ಓಡುವಂತೆ ಮಾಡಿಕೊಳ್ಳಬೇಕಿತ್ತು.

ಹಳೆಯ ಟಯರುಗಳ ಗಾಳಿ ಇಳಿಯುತ್ತಿತ್ತು, ಒಂದೊಂದು ದಿನ ಕಾರು ಒಂದೊಂದು ಕಡೆ ವಾಲುತ್ತಿತ್ತು. ಅದಕ್ಕೆ ಚಕ್ರಗಳನ್ನೇ ಬಿಚ್ಚಿ, ಅವುಗಳ ಜಾಗದಲ್ಲಿ ಅಚ್ಚಿನ ಕೆಳಗೆ ಮುರಕಲ್ಲು ಪೇರಿಸಿದರು. ಇಲ್ಲಿಯ ಕೆಂಪುಕಲ್ಲು, ನೆಲದಿಂದ ಇಟ್ಟಿಗೆಯಂತೆ ಕೊಯ್ದು ತೆಗೆಯುವಂಥದ್ದು. ಇಲ್ಲಿ ಮನೆಯ ಗೋಡೆ, ಬಾವಿಯ ಕಟ್ಟೆ, ಚರ್ಚಿನ ಪಾಗಾರ, ದನದ ಹಟ್ಟಿ ಎಲ್ಲ ಅದರದ್ದೇ. ನೀರಿನ ಟ್ಯಾಂಕಿಗೆ ಎತ್ತರ ಬೇಕೆಂದರೆ ಮುರಕಲ್ಲು, ಬಟ್ಟೆ ಒಗೆಯಲು ಮುರಕಲ್ಲು. ಯಾವುದಕ್ಕೆ ಆಧಾರ ಬೇಕಾದರೂ ಇಲ್ಲಿನವರ ಕೈ ತಾನಾಗಿ ಹಿತ್ತಿಲ ಮೂಲೆಯ ಆ ಕಲ್ಲಿನ ರಾಶಿಗೆ ಹೋಗುತ್ತದೆ. “ಟಯರಿನ ಗಾಳಿಯನ್ನು ನಂಬಬಾರದು ಟೀಚರೇ, ಕಲ್ಲನ್ನು ನಂಬಬಹುದು. ಇದು ಗಾಳಿ ತಾಗಿದಷ್ಟೂ ಗಟ್ಟಿ. ನನ್ನ ಅಜ್ಜ ಕಟ್ಟಿದ ಮನೆ ಇನ್ನೂ ನಿಂತಿಲ್ವಾ?” ಎಂದರು. ಬಂದ ನೆರೆಯವರೆಲ್ಲ ನೋಡಿ ತಲೆಯಾಡಿಸಿದರು. ಗೋಡೆಯಲ್ಲಿ ಭಾರ ಹರಡಿಕೊಂಡಿರುತ್ತದೆ, ಅಚ್ಚಿನ ಕೆಳಗೆ ಒಂದೇ ಬಿಂದುವಿನಲ್ಲಿ ಕೂರುತ್ತದೆ. ಮಳೆಗಾಲವೆಲ್ಲ ಬಾವಿಯ ಪಕ್ಕ ನೆನೆದ ಕಲ್ಲಿನ ಒಳಗೆ ಏನಾಗಿರುತ್ತದೆಂದು ಹೊರಗಿನಿಂದ ಕಾಣುವುದಿಲ್ಲ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆಗ ನನಗೂ ಅದು ಬಂಡೆಯ ಹಾಗೆಯೇ ಕಂಡಿತ್ತು.

ಇನ್ನು ನಾವು ಕಾರಿನೊಳಗೆ ಏಕೆ ಕುಳಿತೆವು ಎಂಬುದು. ಅದು ಅವರ ಸ್ವಂತ ಸಿದ್ಧಾಂತ. “ಖಾಲಿ ಕಾರಿನ ಗ್ಯಾಪ್ ನೋಡಿ ಖುಷಿಪಡುವುದು ಅಂದರೆ ಖಾಲಿ ಮನೆಯಲ್ಲಿ ಜಗಳ ಇಲ್ಲ ಅಂತ ಹೇಳಿದ ಹಾಗೆ. ಜನ ಕೂತ ಮೇಲೆ ಸರಿ ಇರ್ಬೇಕು.” ಹಾಗಾಗಿ ಪ್ರತಿ ಸಲ ಅಳತೆ ನೋಡುವಾಗಲೂ ಅವರಿಗೆ ಒಳಗೆ ಕೂರುವವರು ಬೇಕಿತ್ತು. ಬಾಯಮ್ಮ ಎಡಗಡೆ, ನಾನು ಡ್ರೈವರ್ ಕಡೆ. ನಾವು ಎಷ್ಟೋ ಸಂಜೆ ಹಾಗೆ ಕುಳಿತು, ಬೆಂಡೆಕಾಯಿ ಹೆಚ್ಚುತ್ತ, ಎಲ್ಲಿಗೂ ಹೋಗದ ಕಾರಿನಲ್ಲಿ ಊರ ಸುದ್ದಿ ಮಾತಾಡಿದ್ದೇವೆ. ಫೋನು ತರುವಂತಿರಲಿಲ್ಲ. “ಫೋನ್ ಬಂದರೆ ನೀವು ಅಲ್ಲಾಡ್ತೀರಿ,” ಎನ್ನುತ್ತಿದ್ದರು.

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕರೆದರು. ನಮ್ಮ ದಾರಿಯ ಮನೆಗಳವರೆಲ್ಲ ಉಡುಪಿಗೆ ಒಂದು ಮದುವೆಗೆ ಹೋಗಿದ್ದರು. ಫೋನುಗಳನ್ನು ಅವರ ಜಗಲಿಯಲ್ಲಿಟ್ಟು ನಾವಿಬ್ಬರೂ ಹತ್ತಿದೆವು. ಜಾಕಿನ ಹಿಡಿ ಗಿಡ್ಡ, ಅಡಿಯಲ್ಲಿ ಮಲಗಿಯೇ ಒತ್ತಬೇಕು. ಅವರು ಗೋಣಿ ಹಾಸಿಕೊಂಡು ಎಡಗಡೆಯಿಂದ ಒಳಕ್ಕೆ ಜಾರಿದರು. ಕಾಲ ಕೆಳಗಿನಿಂದ ಗುನುಗು ಕೇಳುತ್ತಿತ್ತು. ಪ್ರತಿ ಒತ್ತಿಗೂ ಕಾರು ಬೆನ್ನು ನೇರಮಾಡುವವರಂತೆ ಒಂದು ಸಣ್ಣ ನರಳಿಕೆ ತೆಗೆಯುತ್ತಿತ್ತು.

“ಬಾಯಿ, ಕಡ್ಡಿ ಆಡಿಸಿ ನೋಡು,” ಎಂದು ಹೆಂಡತಿಗೆ ಹೇಳಿದರು.

ಬಾಯಮ್ಮ ಕಿಟಕಿಯಿಂದ ಕೈ ಹೊರಹಾಕಿ ಸಂದಿಗೆ ಕಡ್ಡಿ ಇಟ್ಟರು. ಅದು ಮೇಲಿನಿಂದ ಕೆಳಗಿನವರೆಗೆ ಸಲೀಸಾಗಿ ಇಳಿಯಿತು. “ದೇವರೇ, ಹೋಯಿತು!” ಎಂದರು ಬಾಯಮ್ಮ, ಅಷ್ಟು ವರ್ಷ ಬೈದವರು ಚಿಕ್ಕ ಹುಡುಗಿಯಂತೆ. ಕೆಳಗೆ ಅವರು ನಕ್ಕದ್ದು ಕೇಳಿತು.

ಆಗ ಎಡಮುಂದಿನ ಕಲ್ಲು ಹೋಯಿತು. ಬಂಡೆ ಸೀಳುವ ಸದ್ದಲ್ಲ, ಒಣ ರಸ್ಕ್ ಮುರಿದಂಥ ಸದ್ದು. ಕಾರಿನ ಎಡಮೂಲೆ ಕುಸಿದು, ಒಮ್ಮೆ ತೂಗಾಡಿ ನಿಂತಿತು. ಮೂರು ಕಲ್ಲು, ಜಾಕಿನ ತಲೆ, ಮತ್ತು ಅವರ ತೊಡೆಯ ಮೇಲೆ. ಬಾಯಮ್ಮನ ಕಡೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು, ಎಷ್ಟು ದೂಡಿದರೂ ಬರಲಿಲ್ಲ. ನನ್ನ ಕಡೆಯದು ಸಡಿಲವಿತ್ತು. ನಾನು ಹಿಡಿಗೆ ಕೈ ಹಾಕಿ ಒಂದು ಕಾಲು ಎತ್ತಿದೆ. ಇಡೀ ಕಾರು ಎಡಕ್ಕೆ ಕೂದಲೆಳೆಯಷ್ಟು ವಾಲಿತು.

ಕೆಳಗಿನಿಂದ ಅವರ ದನಿ ಬಂತು, ಕಿರುಚಲಿಲ್ಲ. “ಟೀಚರೇ, ಇಳಿಯಬೇಡಿ. ನೀವು ಇಳಿದರೆ ಇದು ಪೂರ್ತಿ ಈಚೆ ಬರ್ತದೆ.”

ನಾನು ಕಾಲನ್ನು ಮತ್ತೆ ಒಳಗಿಟ್ಟೆ.

ಆಮೇಲಿನದು ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಸ್ಟೀರಿಂಗಿನ ಮೇಲಿದ್ದ ಬಿಸಿಲಿನ ಚೂರು ಬಾಯಮ್ಮನ ಮಡಿಲು ದಾಟಿಹೋಯಿತು. ಬ್ಯಾಟರಿ ಬಿಚ್ಚಿಟ್ಟಿದ್ದರಿಂದ ಹಾರ್ನ್ ಇರಲಿಲ್ಲ. ಕೂಗಿದೆವು. ಹೆದ್ದಾರಿಯಲ್ಲಿ ಮಲ್ಪೆಯಿಂದ ಬರುವ ಮೀನಿನ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ನಮ್ಮ ಕೂಗು ಅವುಗಳ ಸದ್ದಿನೊಳಗೆ ಕರಗುತ್ತಿತ್ತು. ಫೋನು ಜಗಲಿಯ ಮೇಲೆ ಎರಡು ಸಲ ಹೊಡೆದುಕೊಂಡಿತು. ಅದು ನನ್ನದೇ. ಅಷ್ಟು ಹತ್ತಿರ.

ಬಾಯಮ್ಮ ಕೊಂಕಣಿಯಲ್ಲಿ ಪ್ರಾರ್ಥನೆ ಶುರುಮಾಡಿದರು. ಕೆಳಗಿನಿಂದ ಅವರೂ ಜೊತೆಗೂಡಿದರು. ನಡುನಡುವೆ ಮಾತಾಡಿದರು. “ಬಾಯಿ, ಅಳಬೇಡ, ನೀನು ಅತ್ತರೆ ಕಾರು ಕುಲುಕ್ತದೆ.” ಒಮ್ಮೆ ನನ್ನನ್ನು ಕೇಳಿದರು: “ಟೀಚರೇ, ನಿಮ್ಮ ತೂಕ ಎಷ್ಟು?” ಹೇಳಿದೆ. “ಇನ್ನೂ ಸ್ವಲ್ಪ ಊಟ ಮಾಡಬೇಕಿತ್ತು ನೀವು,” ಎಂದರು. ನಾನು ನಕ್ಕೆನೋ ಅತ್ತೆನೋ ತಿಳಿಯದು, ಎರಡನ್ನೂ ಮೈ ಅಲುಗದಂತೆ ಮಾಡಿದೆ. ಆಮೇಲೆ ಅವರು ಗುನುಗಲು ಪ್ರಯತ್ನಿಸಿದರು. ಗುನುಗು ನಿಂತಾಗಲೆಲ್ಲ ಬಾಯಮ್ಮ ನನ್ನ ಮುಖ ನೋಡುತ್ತಿದ್ದರು. ನನ್ನಲ್ಲಿ ಉತ್ತರವಿದೆ ಎಂಬಂತೆ.

ಕೊನೆಗೆ ಬಂದದ್ದು ಸ್ಕೂಟರಿನಲ್ಲಿ ಮೀನು ಮಾರುವ ಹೆಂಗಸು. ದಿನಾ ಬೆಳಿಗ್ಗೆ ಬರುವವಳು ಅಂದು ತಡವಾಗಿ ಬಂದಿದ್ದಳು. ಗೇಟಿನಿಂದಲೇ ನಮ್ಮನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು. “ಎಂತ ಬಾಯಮ್ಮ, ಎಲ್ಲಿಗೆ ಸವಾರಿ? ಚಕ್ರ ಇಲ್ಲದ ಕಾರಿಗೆ ಡ್ರೈವರ್ ಬೇರೆ! ಬಂಗುಡೆ ಉಂಟು, ದಾರಿಗೆ ಹುರಿದು ಕೊಡ್ಲಾ?”

ಬಾಯಮ್ಮ ಮಾತಾಡಲಾರದೆ ಬೆರಳಿನಿಂದ ಕೆಳಗೆ ತೋರಿಸಿದರು. ಅವಳು ಬಗ್ಗಿ ನೋಡಿದಳು. ಬುಟ್ಟಿ, ಸ್ಕೂಟರು ಎಲ್ಲ ಅಲ್ಲಿಯೇ ಕೆಡವಿ ಹೆದ್ದಾರಿಯ ಕಡೆ ಓಡಿದಳು.

ರಿಕ್ಷಾ ನಿಲ್ದಾಣದ ಜನರೆಲ್ಲ ಬಂದರು. ಬಂದವರೇ ಒಟ್ಟಿಗೆ ಕಿರುಚಿದರು: “ಇಳಿಯಿರಿ ಟೀಚರೇ, ಭಾರ ಕಡಿಮೆ ಮಾಡಿ! ಮಂಡೆ ಸರಿ ಉಂಟಾ ನಿಮಗೆ? ಇಳಿಯಿರಿ!” ಕೆಳಗಿನ ದನಿ, ಈಗ ಬಹಳ ತೆಳ್ಳಗೆ: “ಬೇಡ, ಮೊದಲು ಹಿಡೀಲಿ.” ನನಗೆ ಕೇಳಿತು, ಬಂದವರಿಗೆ ಕೇಳಲಿಲ್ಲ. ಒಬ್ಬ ನನ್ನ ಬಾಗಿಲು ತೆರೆದು ತೋಳು ಹಿಡಿದು ಎಳೆಯತೊಡಗಿದ. ನಾನು ಸ್ಟೀರಿಂಗನ್ನು ತಬ್ಬಿಕೊಂಡು, “ಮೊದಲು ಹಿಡಿಯಿರಿ, ಮೊದಲು ಹಿಡಿಯಿರಿ” ಎನ್ನುತ್ತಲೇ ಇದ್ದೆ. ಎಡಬದಿಯನ್ನು ಅಷ್ಟೂ ಜನ ಎತ್ತಿಹಿಡಿದ ಮೇಲೆ ಇಳಿದೆ. ಅವರನ್ನು ಗೋಣಿ ಸಮೇತ ಎಳೆದರು.

ಅವರು ಎದ್ದು ಕುಳಿತರು. ಇದನ್ನೇ ನಾನು ಮರೆಯಲಾರೆ. ನೀರು ಕೇಳಿ ಕುಡಿದರು. ಟೊಪ್ಪಿ ಎಲ್ಲಿ ಎಂದರು. ತೊಡೆ ಬಿಳಿಚಿಕೊಂಡಿತ್ತು, ನೋವೇ ಇಲ್ಲ ಎಂದರು. ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಹೋಗುವಾಗ ಬಾಯಮ್ಮನಿಗೆ ಅಡುಗೆಮನೆಯ ಬಾಗಿಲಿನ ಬಗ್ಗೆ ಏನೋ ಮಾತು ಕೊಟ್ಟರು. ಆಸ್ಪತ್ರೆಯಲ್ಲಿ ಆ ಸಂಜೆ ನನ್ನ ಕಡೆ ತಿರುಗಿ ಹೇಳಿದರು: “ನೀವು ಅಲ್ಲಾಡಲಿಲ್ಲ ಟೀಚರೇ. ನನಗೆ ಕೆಳಗೆ ಗೊತ್ತಾಗ್ತಿತ್ತು. ನಾನು ಬದುಕಿದ್ದು ನಿಮ್ಮಿಂದ.”

ಮರುದಿನ ಮೂತ್ರ ಕಪ್ಪಾಯಿತು. ಮೂತ್ರಪಿಂಡಗಳು ನಿಲ್ಲತೊಡಗಿದವು. ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ವಿವರಿಸಿದರು. ಭಾರದ ಅಡಿಯಲ್ಲಿ ಮಾಂಸಖಂಡ ಜಜ್ಜಿಹೋಗಿರುತ್ತದೆ, ಭಾರ ಸರಿದ ಮೇಲೆ ಅದರೊಳಗಿನ ವಿಷವೆಲ್ಲ ರಕ್ತಕ್ಕೆ ಇಳಿಯುತ್ತದೆ. ಎಷ್ಟು ಹೊತ್ತು ಅಡಿಯಲ್ಲಿದ್ದರು ಎಂಬುದು ಮುಖ್ಯ.

“ಬೇಗ ತೆಗೆದಿದ್ದರೆ?” ಎಂದೆ.

“ಒಳ್ಳೆಯದಿತ್ತು.”

“ನಾನು ಇಳಿದು ಓಡಿದ್ದರೆ ಬೇಗ ತೆಗೆಯಬಹುದಿತ್ತು.”

ಅವರು ನನ್ನನ್ನು ನೋಡಿದರು. “ಕಾರು ಪೂರ್ತಿ ಬಿದ್ದಿದ್ದರೆ ಮೇಡಂ? ಅದನ್ನು ಈಗ ಯಾರೂ ಹೇಳಲಿಕ್ಕಾಗುವುದಿಲ್ಲ.”

ಯಾರೂ ಹೇಳಲಿಲ್ಲ. ಆಮೇಲೆ ನಾನು ನಮ್ಮ ಕ್ಯಾಂಪಸ್ಸಿನ ಇಬ್ಬರು ಎಂಜಿನಿಯರಿಂಗ್ ಅಧ್ಯಾಪಕರನ್ನು ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಒಬ್ಬರು, ನಿಮ್ಮ ತೂಕದಿಂದಲೇ ಕಾರು ನಿಂತದ್ದು ಎಂದರು. ಇನ್ನೊಬ್ಬರು, ಜಾಕ್ ಹೇಗೂ ಹೊತ್ತುಕೊಂಡಿತ್ತು, ನೀವು ಇಳಿದಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ ಎಂದರು. ಇಬ್ಬರ ಬಾಣದ ಗುರುತುಗಳೂ ನನಗೆ ಸರಿಯೆಂದೇ ಕಂಡವು. ಈಗಲೂ ಬಸ್ಸಿನಲ್ಲಿ ಪಕ್ಕದವರು ಎದ್ದು ಸೀಟು ಅಲುಗಿದರೆ ನನ್ನ ಕೈ ತಾನಾಗಿ ಕಂಬಿ ಹಿಡಿಯುತ್ತದೆ. ಕಾಲೆತ್ತಿದ ಆ ಕ್ಷಣಕ್ಕೆ ಮತ್ತೆ ಮತ್ತೆ ಹೋಗುತ್ತೇನೆ. ಕೆಲವೊಮ್ಮೆ ಇಳಿದು ಓಡುತ್ತೇನೆ, ಅವರು ಉಳಿಯುತ್ತಾರೆ. ಕೆಲವೊಮ್ಮೆ ಇಳಿಯುತ್ತೇನೆ, ಹಿಂದಿನಿಂದ ಆ ಸದ್ದು ಬರುತ್ತದೆ.

ಕೊನೆಯ ಬೆಳಿಗ್ಗೆ ಬಾಯಮ್ಮ ಮತ್ತು ನಾನು ತೀವ್ರ ನಿಗಾ ಘಟಕದ ಹೊರಗೆ ಕುಳಿತಿದ್ದೆವು. ಒಂದೇ ಕಬ್ಬಿಣದ ಪಟ್ಟಿಗೆ ಜೋಡಿಸಿದ ಸಾಲು ಕುರ್ಚಿಗಳು, ಒಬ್ಬರು ಮಿಸುಕಿದರೂ ಎಲ್ಲವೂ ನಡುಗುವಂಥವು. ಬಾಯಮ್ಮ ಅಷ್ಟು ದಿನದಲ್ಲಿ ಮೊದಲ ಸಲ ಕೇಳಿದರು: “ಟೀಚರೇ, ನಾವು ಇಳಿಯಬೇಕಿತ್ತಾ?”

ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಹೊರಗೆ ಬಂದಳು. ಮುಖದ ಮಾಸ್ಕನ್ನು ಕೆಳಗೆ ಎಳೆದುಕೊಂಡಿದ್ದಳು. ಪೊರ್ಬುಗಳ ಹೆಸರು ಹೇಳಿ, ಮನೆಯವರು ಒಬ್ಬರು ಬನ್ನಿ, ಎಂದಳು.

ಬಾಯಮ್ಮ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ನರ್ಸ್ ಇನ್ನೊಮ್ಮೆ ಕರೆದಳು. ನಾವಿಬ್ಬರೂ ಅಲ್ಲಾಡಲಿಲ್ಲ.